ಹೋದ ವರ್ಷ ಕೈ ಊದಿತ್ತು ಅಷ್ಟೇ, ಈ ವರ್ಷ ಒಂದೇ ಒಂದು ಜೇನು ಕಚ್ಚಿ ಬಾವ ಬಿದ್ದೇ ಹೋದರು. ಯಾಕೆ ಹೀಗೆ?

ಕೊಪ್ಪದ_ತಂಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಬಾವ ಅಡಿಕೆ ತೋಟದಲ್ಲಿ 6 ಜೇನುಪೆಟ್ಟಿಗೆ ಇಟ್ಟಿದ್ದಾರೆ. ತುಡುವೆ ಜೇನು, ಹೆಜ್ಜೇನಲ್ಲ. 15 ವರ್ಷದಿಂದ ಕಚ್ಚಿಸಿಕೊಂಡೇ ಬಂದವರು. ಹೋದ ವರ್ಷ ಒಂದು ಕಚ್ಚಿದಾಗ ಮಾತ್ರ ಕೈ ಮೊಣಕೈವರೆಗೂ ಊದಿತ್ತು. ಮೂರು ದಿನಕ್ಕೆ ಇಳಿಯಿತು, ನಾವೂ ಮರೆತೆವು.

ಮೊನ್ನೆ ಭಾನುವಾರ ಪೆಟ್ಟಿಗೆ ಮುಚ್ಚಳ ತೆಗೆಯುವಾಗ ಕುತ್ತಿಗೆಗೆ ಒಂದೇ ಒಂದು ಕಚ್ಚಿತು. ಮನೆಗೆ ಬಂದು ಜಗಲಿ ಮೇಲೆ ಕೂತವರು "ಅಂಗೈ ತುರಿಸುತ್ತಿದೆ" ಅಂದರು. ಅಕ್ಕ ನೀರು ತರುವಷ್ಟರಲ್ಲಿ ಮೈಯೆಲ್ಲ ಗಂಧೆ. ಆಮೇಲೆ ವಾಂತಿ. "ಕಣ್ಣು ಕತ್ತಲೆ ಬರ್ತಿದೆ" ಅಂತ ಎದ್ದು ನಿಂತರು, ಹಾಗೇ ಕುಸಿದರು. ಇಷ್ಟೂ ಆಗಿದ್ದು ಹತ್ತು ಹನ್ನೆರಡು ನಿಮಿಷದಲ್ಲಿ.

ಹತ್ತಿರದ ಕ್ಲಿನಿಕ್ಕಿನಲ್ಲಿ ಅವಿಲ್ ಮತ್ತು ಡೆಕಾಡ್ರಾನ್ ಚುಚ್ಚಿ ಕುರ್ಚಿ ಮೇಲೆ ಕೂರಿಸಿದರು. ಬಿಪಿ ಮೇಲೆ ಬರಲೇ ಇಲ್ಲ. ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಲು 40 ನಿಮಿಷ. ಅಲ್ಲಿ ಸಿಸ್ಟರ್ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಐದು ನಿಮಿಷಕ್ಕೆ ಬಾವ ಕಣ್ಣು ಬಿಟ್ಟು "ಪೆಟ್ಟಿಗೆ ಮುಚ್ಚಳ ಹಾಕಿದಿರಾ" ಅಂತ ಕೇಳಿದರು!

ನನ್ನ ಪ್ರಶ್ನೆ ಮೂರು. ಹೋದ ವರ್ಷ ಬರೀ ಊತ, ಈ ವರ್ಷ ಹೀಗೆ, ಯಾಕೆ? ಕ್ಲಿನಿಕ್ಕಿನವರು ಮಾಡಿದ್ದು ತಪ್ಪಾ? ಮುಂದೇನು? ಬಾವ ಜೇನು ಬಿಡುವ ಆಸಾಮಿ ಅಲ್ಲ.

ಅಡಿಕೆ_ಚೊಗರು
ದೇವರು ದೊಡ್ಡವನು, ಬದುಕಿದರಲ್ಲ. ಆದರೆ ನನಗೊಂದು ಅನುಮಾನ. 15 ವರ್ಷ ಕಚ್ಚಿಸಿಕೊಂಡವರಿಗೆ ಮೈ ಒಗ್ಗಿಹೋಗಿರುತ್ತದೆ. ಇದು ಅಲರ್ಜಿ ಅಲ್ಲ, ಬಿಸಿಲಿಗೆ ತಲೆ ಸುತ್ತಿರಬೇಕು.

ಡ್ಯೂಟಿ_ಡಾಕ್ಟರ್
ಬಿಸಿಲಿಗೆ ಗಂಧೆ ಎದ್ದು ಅಂಗೈ ತುರಿಸಿ ವಾಂತಿ ಆಗಿ ಬಿಪಿ ಬೀಳುವುದಿಲ್ಲ ಸಾರ್. ಅದೂ ಹತ್ತು ನಿಮಿಷದಲ್ಲಿ. ಇದು ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಯನ್ನು ಒಂದೇ ಸಲ ಹಿಡಿಯುವ ತೀವ್ರ ಅಲರ್ಜಿ. ಕ್ಯಾಶುವಾಲ್ಟಿಯಲ್ಲಿ ಕೂತವರಿಗೆ ಈ ಕಥೆ ಫೋನಿನಲ್ಲಿ ಹೇಳಿದರೂ ಸಾಕು, ಗುರುತು ಸಿಗುತ್ತದೆ.

ತಂಗೀ, ಮೊದಲ ಪ್ರಶ್ನೆಗೆ ಬರ್ತೀನಿ. ಜೇನಿನ ವಿಷದಲ್ಲಿ ಕೆಲವು ಪ್ರೋಟೀನ್ ಇವೆ. ಕೆಲವರ ದೇಹ ಅದನ್ನು ನೋಡಿ ಐಜಿಇ ಅನ್ನುವ ಪ್ರತಿಕಾಯ (ಆಂಟಿಬಾಡಿ, ಹೊರಗಿನದ್ದನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ತಯಾರಿಸುತ್ತದೆ. ಇದಕ್ಕೆ ವಾರಗಟ್ಟಲೆ ಬೇಕು, ಆಗ ಏನೂ ಗೊತ್ತಾಗುವುದಿಲ್ಲ. ಈ ಐಜಿಇ ರಕ್ತದಲ್ಲಿ ಸುಮ್ನೆ ಓಡಾಡಿಕೊಂಡು ಇರುವುದಿಲ್ಲ. ಚರ್ಮ, ಗಂಟಲು, ಶ್ವಾಸನಾಳ, ಕರುಳು, ರಕ್ತನಾಳದ ಪಕ್ಕ, ಹೀಗೆ ಎಲ್ಲ ಕಡೆ ಇರುವ ಮಾಸ್ಟ್ ಕೋಶ ಅನ್ನುವ ರಕ್ಷಣಾ ಕೋಶಗಳ ಮೈಗೆ ಹೋಗಿ ಅಂಟಿಕೊಂಡು ಕಾಯುತ್ತದೆ. ಮುಂದಿನ ಸಲ ಅದೇ ವಿಷ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಮುಗಿಯಿತು. ಕರ್ಣಕುಂಡಲ ಹೂವಿನ ಕಾಯಿ ಬಲಿತ ಮೇಲೆ ಬೆರಳು ತಾಗಿಸಿ ನೋಡಿದ್ದೀರಲ್ಲ, ಪಟ್ ಅಂತ ಸಿಡಿದು ಬೀಜ ಚೆಲ್ಲುತ್ತದೆ. ಮಾಸ್ಟ್ ಕೋಶ ಹಾಗೆ ಚೆಲ್ಲುವುದು ಹಿಸ್ಟಮಿನ್ ಮತ್ತು ಅದರ ಜೊತೆಯ ಇನ್ನಷ್ಟು ರಾಸಾಯನಿಕ.

ಚರ್ಮದಲ್ಲಿ ಆದರೆ ಗಂಧೆ. ಕರುಳಲ್ಲಿ ಆದರೆ ವಾಂತಿ, ಹೊಟ್ಟೆ ಹಿಂಡುವುದು. ಶ್ವಾಸನಾಳದಲ್ಲಿ ಆದರೆ ಉಬ್ಬಸ. ಎಲ್ಲ ಕಡೆ ರಕ್ತನಾಳ ಸಡಿಲವಾಗಿ, ಒಳಗಿನ ನೀರು ಹೊರಗೆ ಸೋರಿದರೆ ಬಿಪಿ ಬೀಳುತ್ತದೆ. ಬಾವನಿಗೆ ಆಗಿದ್ದು ಇದೇ.

ಅಡಿಕೆ_ಚೊಗರು
ಸರಿ ಡಾಕ್ಟ್ರೇ, ಒಪ್ಪಿದೆ. ಆದರೆ ಒಗ್ಗುವುದು ಅಂತ ಇಲ್ಲವೇ ಇಲ್ವಾ? ನಮ್ಮಜ್ಜ ಬರಿಗೈಯಲ್ಲಿ ಎರಿ ತೆಗೆಯುತ್ತಿದ್ದರು.

ಡ್ಯೂಟಿ_ಡಾಕ್ಟರ್
ಇದೆ, ಅದೇ ತಮಾಷೆ. ವರ್ಷಕ್ಕೆ ನೂರಾರು ಸಲ ಕಚ್ಚಿಸಿಕೊಳ್ಳುವ ಜೇನು ಸಾಕಣೆಯವರಲ್ಲಿ ಈ ತೊಂದರೆ ಅಪರೂಪ. ಅವರಲ್ಲಿ ಐಜಿಜಿ4 ಅನ್ನುವ ಇನ್ನೊಂದು ಪ್ರತಿಕಾಯ ಜಾಸ್ತಿ ಇರುತ್ತದೆ. ಅದು ವಿಷವನ್ನು ಐಜಿಇ ಹತ್ತಿರ ಹೋಗುವ ಮೊದಲೇ ಹಿಡಿದುಬಿಡುತ್ತದೆ. ವರ್ಷಕ್ಕೆ ಹತ್ತೋ ಇಪ್ಪತ್ತೋ ಸಲ ಕಚ್ಚಿಸಿಕೊಳ್ಳುವವರಿಗೇ ಅಪಾಯ ಜಾಸ್ತಿ. 6 ಪೆಟ್ಟಿಗೆ ಇಟ್ಟ ಬಾವ ಸರಿಯಾಗಿ ಆ ಗುಂಪಿನಲ್ಲಿ ಬರುತ್ತಾರೆ.

ಸುಮ್ನೆ_ಓದುವವ
ಹಾಗಾದರೆ 60 ಪೆಟ್ಟಿಗೆ ಇಡಿ ಬಾವಾ 😄

ಡ್ಯೂಟಿ_ಡಾಕ್ಟರ್
ದಯವಿಟ್ಟು ಬೇಡ. ಒಮ್ಮೆ ಹೀಗೆ ಆದವರು ಮನೆಯಲ್ಲಿ ತಾವೇ ಕಚ್ಚಿಸಿಕೊಂಡು ಒಗ್ಗಿಸಿಕೊಳ್ಳಲು ಹೋದರೆ ಹೆಣ ಆಗ್ತಾರೆ. ಅದನ್ನೇ ಲೆಕ್ಕಾಚಾರದಲ್ಲಿ, ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆ ಇದೆ. ಮುಂದೆ ಬರೆಯುತ್ತೇನೆ, ಈಗ ಒಂದು ಕೇಸ್ ಬಂತು.

ಸಿಸ್ಟರ್_ಅಕ್ಕ
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. 22 ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ತೊಡೆಗೆ ಕೊಟ್ಟಿದ್ದು ಅಡ್ರಿನಾಲಿನ್. ಕಂದು ಗಾಜಿನ ಪುಟ್ಟ ಆಂಪ್ಯೂಲ್, ಒಂದು ಎಂಎಲ್, ಅದರಲ್ಲಿ ಒಂದು ಮಿಲಿಗ್ರಾಂ. ದೊಡ್ಡವರಿಗೆ ಅರ್ಧ ಎಂಎಲ್. ಮಕ್ಕಳಿಗೆ ತೂಕ ನೋಡಿ, ಕೆಜಿಗೆ 0.01 ಮಿಲಿಗ್ರಾಂ ಲೆಕ್ಕ. ತೊಡೆಯ ಹೊರಬದಿಗೆ, ಮಾಂಸಖಂಡಕ್ಕೆ. ತುರ್ತು ಇದ್ದರೆ ಪ್ಯಾಂಟ್ ಮೇಲೇ ಚುಚ್ಚುತ್ತೇವೆ. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೆ ಒಂದು.

ತೋಳಿಗೂ ಅಲ್ಲ, ಚರ್ಮದಡಿಗೂ ಅಲ್ಲ, ತೊಡೆಗೇ ಯಾಕೆ ಅಂದರೆ ಅಲ್ಲಿಂದ ಬೇಗ ರಕ್ತಕ್ಕೆ ಸೇರುತ್ತದೆ. ಲಸಿಕೆ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಕೂರಿ ಅಂತ ನಾವು ಬೈಯುವುದು ಯಾಕೆ ಅಂತ ಈಗ ಗೊತ್ತಾಯಿತಾ? ಇದಕ್ಕೇ. ಆ ಟ್ರೇನಲ್ಲಿ ಆಂಪ್ಯೂಲ್ ಒಡೆಯಲು ರೆಡಿ ಇರುತ್ತದೆ. ಜನ ಮಾತ್ರ "ಬಸ್ ತಪ್ಪುತ್ತದೆ ಸಿಸ್ಟರ್" ಅಂತ ಎದ್ದು ಓಡುತ್ತಾರೆ.

ಅವಿಲ್ ಕೊಟ್ಟಿದ್ದು ತಪ್ಪಲ್ಲ. ಅವಿಲ್ ಮೊದಲು ಕೊಟ್ಟು ಅದಕ್ಕೇ ಕಾದಿದ್ದು ತಪ್ಪು.

ಕೊಪ್ಪದ_ತಂಗಿ
ಅಕ್ಕಾ, ಅವಿಲ್ ಅಲರ್ಜಿಗೇ ಅಲ್ವಾ? ನಮ್ಮನೆಯಲ್ಲಿ ಮಾತ್ರೆ ಯಾವಾಗಲೂ ಇರುತ್ತದೆ.

ಮೆಡಿಕಲ್_ಶಾಪ್
ನಾನು ಔಷಧಿ ಅಂಗಡಿ ನಡೆಸುವವನು, ದಿನಕ್ಕೆ ಹತ್ತು ಜನ "ಅಲರ್ಜಿ ಮಾತ್ರೆ ಕೊಡಿ" ಅಂತ ಬರುತ್ತಾರೆ. ಅವಿಲ್, ಸೆಟ್ರಿಜಿನ್, ಇವೆಲ್ಲ ಹಿಸ್ಟಮಿನ್ ಹೋಗಿ ಕೂರುವ ಜಾಗ ಮುಚ್ಚುತ್ತವೆ. ತುರಿಕೆ, ಗಂಧೆ ಕಡಿಮೆ ಆಗುತ್ತದೆ. ಅಷ್ಟೇ. ಬಿದ್ದ ಬಿಪಿ ಎತ್ತುವುದಿಲ್ಲ, ಮುಚ್ಚಿದ ಗಂಟಲು ತೆರೆಯುವುದಿಲ್ಲ. ಅವಿಲ್ ಮೇಲಿಂದ ನಿದ್ದೆ ಬೇರೆ ತರಿಸುತ್ತದೆ, ಮನುಷ್ಯ ಸುಸ್ತಾಗಿ ಮಲಗಿದ್ದಾನೋ ಎಚ್ಚರ ತಪ್ಪಿದ್ದಾನೋ ಗೊತ್ತಾಗುವುದಿಲ್ಲ. ಡೆಕಾಡ್ರಾನ್ ಸ್ಟೀರಾಯ್ಡ್. ಅದು ಕೆಲಸ ಶುರು ಮಾಡುವುದಕ್ಕೇ ಗಂಟೆಗಟ್ಟಲೆ ಬೇಕು.

ಅಡ್ರಿನಾಲಿನ್ ಒಂದೇ ಏಟಿಗೆ ಎಲ್ಲ ಮಾಡುತ್ತದೆ. ಸಡಿಲವಾದ ರಕ್ತನಾಳ ಬಿಗಿ ಮಾಡುತ್ತದೆ, ಹೃದಯಕ್ಕೆ ಚುರುಕು ಕೊಡುತ್ತದೆ, ಶ್ವಾಸನಾಳ ಬಿಡಿಸುತ್ತದೆ, ಮಾಸ್ಟ್ ಕೋಶ ಇನ್ನಷ್ಟು ಸಿಡಿಯದಂತೆಯೂ ತಡೆಯುತ್ತದೆ. ಬೆಲೆಯೂ ತೀರಾ ಅಗ್ಗ.

ನಾಟಿವೈದ್ಯರ_ಮೊಮ್ಮಗ
ಎಲ್ಲರೂ ಇಂಗ್ಲಿಷ್ ಔಷಧಿ ಅಂತೀರಲ್ಲ. ಜೇನು ಕಚ್ಚಿದರೆ ಸುಣ್ಣ ಹಚ್ಚಿ, ಕಬ್ಬಿಣದ ಬೀಗದಕೈ ಉಜ್ಜಿ. ಪಿತ್ತಗಂಧೆ ಎದ್ದರೆ ಮುರುಗಲ ಹಣ್ಣಿನ ಪಾನಕ ಕುಡಿಸಿ, ಕಂಬಳಿ ಹೊದಿಸಿ. ನಮ್ಮ ತಾತ ನೂರಾರು ಜನಕ್ಕೆ ವಾಸಿ ಮಾಡಿದ್ದಾರೆ.

ಸಿಸ್ಟರ್_ಅಕ್ಕ
ಬರೀ ಗಂಧೆ ಮಾತ್ರ ಇದ್ದರೆ ಮುರುಗಲ ಪಾನಕ ಕುಡಿರಿ, ನಾನೂ ಕುಡಿಯುತ್ತೇನೆ, ರುಚಿಯಾಗಿರುತ್ತದೆ. ಬರೀ ಗಂಧೆ ಏನೂ ಮಾಡದಿದ್ದರೂ ಕೆಲವು ಗಂಟೆಗೆ ಇಳಿಯುತ್ತದೆ. ತಾತನಿಗೆ ಹೆಸರು ಬಂದಿದ್ದು ಹಾಗೇ. ಆದರೆ ವಾಂತಿ, ಉಸಿರಾಟದ ತೊಂದರೆ, ಸ್ವರ ಒಡೆಯುವುದು, ತಲೆ ಸುತ್ತು, ಇದರಲ್ಲಿ ಒಂದು ಸೇರಿದರೂ ಪಾನಕ ಕಲಸುತ್ತಾ ಕೂರಬೇಡಿ. ವಾಂತಿ ಮಾಡುವವರ ಬಾಯಿಗೆ ಏನೂ ಹಾಕಬೇಡಿ.

ನಾಟಿವೈದ್ಯರ_ಮೊಮ್ಮಗ
ಸುಣ್ಣ?

ಸಿಸ್ಟರ್_ಅಕ್ಕ
ಸುಣ್ಣ ಹುಡುಕುವ ಹೊತ್ತಿನಲ್ಲಿ ಕೊಂಡಿ ಕೀಳಪ್ಪ. ಜೇನಿನ ಕೊಂಡಿ ಚರ್ಮದಲ್ಲೇ ಉಳಿಯುತ್ತದೆ, ವಿಷದ ಚೀಲವೂ ಅದರ ಜೊತೆಗೇ ಇರುತ್ತದೆ, ಜೇನು ಹಾರಿಹೋದ ಮೇಲೂ ಅದು ಪಂಪ್ ಮಾಡುತ್ತಿರುತ್ತದೆ. ಉಗುರಲ್ಲಿ ಕೆರೆದೋ ಚಿವುಟಿಯೋ ಹೇಗಾದರೂ ಸರಿ, ಬೇಗ ಕೀಳಬೇಕು.

ಹುಬ್ಬಳ್ಳಿ_ಮಂದಿ
ನಮ್ಮ ಕಡೆ ಹೆಜ್ಜೇನು ದಾಳಿ ಸುದ್ದಿ ಆಗಾಗ ಬರ್ತದ್ರೀ. ಜಾತ್ರೆಯಲ್ಲಿ ಹೊಗೆ ಎದ್ದು ಜನರ ಮೇಲೆ ಬೀಳುತ್ತವೆ. ಅದೂ ಇದೇ ಏನ್ರೀ?

ಡ್ಯೂಟಿ_ಡಾಕ್ಟರ್
ಬೇರೆ. ಹೆಜ್ಜೇನು ನೂರಾರು ಒಟ್ಟಿಗೆ ಕಚ್ಚಿದರೆ ಅಲರ್ಜಿ ಇಲ್ಲದವರಿಗೂ ಅಪಾಯ, ಯಾಕೆಂದರೆ ಅಲ್ಲಿ ವಿಷದ ಪ್ರಮಾಣವೇ ಕೊಲ್ಲುತ್ತದೆ. ಮಾಂಸಖಂಡ ಕರಗಿ, ಮೂತ್ರ ಕೋಕಾಕೋಲ ಬಣ್ಣಕ್ಕೆ ತಿರುಗಿ, ಒಂದೆರಡು ದಿನಕ್ಕೆ ಕಿಡ್ನಿ ನಿಲ್ಲಬಹುದು. ಅಂಥವರು ಆ ದಿನ ಚೆನ್ನಾಗಿ ಕಂಡರೂ ಮನೆಗೆ ಕಳಿಸಬಾರದು. ಅಲರ್ಜಿಗೆ ಪ್ರಮಾಣ ಬೇಕಿಲ್ಲ. ಒಂದು ಸಾಕು.

ಬಯಾಲಜಿ_ಮೇಷ್ಟ್ರು
ಈ "ಒಂದು ಸಾಕು" ಅನ್ನುವುದು ಪತ್ತೆಯಾದ ಕಥೆಯೇ ಮಜವಾಗಿದೆ. 1901ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಮೊನಾಕೋ ರಾಜನ ಹಡಗಿನಲ್ಲಿ ಸಮುದ್ರದ ಜೆಲ್ಲಿ ಮೀನಿನ ತರಹದ ಜೀವಿಯ ವಿಷದ ಮೇಲೆ ಕೆಲಸ ಶುರು ಮಾಡಿದರು. ಊರಿಗೆ ವಾಪಸ್ ಬಂದು ಸಮುದ್ರ ಹೂವು (ಸೀ ಅನಿಮೋನ್) ಅನ್ನುವ ಪ್ರಾಣಿಯ ವಿಷ ತೆಗೆದು ನಾಯಿಗಳಿಗೆ ಕೊಟ್ಟರು. ಅವರ ಲೆಕ್ಕ ಅಡಿಕೆ ಚೊಗರು ಅವರ ಲೆಕ್ಕವೇ. ಸ್ವಲ್ಪ ಸ್ವಲ್ಪ ಕೊಟ್ಟರೆ ಒಗ್ಗುತ್ತದೆ ಅಂತ. ನೆಪ್ಚೂನ್ ಅನ್ನುವ ನಾಯಿ ಮೊದಲ ಸಲ ಕೊಟ್ಟಾಗ ಗಟ್ಟಿಮುಟ್ಟಾಗಿತ್ತು. ಮೂರು ವಾರ ಬಿಟ್ಟು ಮತ್ತೆ ಸ್ವಲ್ಪ ಕೊಟ್ಟರು. ಕೆಲವೇ ಸೆಕೆಂಡಿಗೆ ಏದುಸಿರು, ವಾಂತಿ, ನಿಲ್ಲಲಾಗದೆ ಬಿತ್ತು, ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆ ಸಿಗುವ ಬದಲು ಉಲ್ಟಾ ಆಯಿತಲ್ಲ, ಅದಕ್ಕೇ ಅನಾಫಿಲಾಕ್ಸಿಸ್ ಅಂತ ಹೆಸರಿಟ್ಟು 1902ರಲ್ಲಿ ಪ್ರಕಟಿಸಿದರು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ಪೋರ್ತಿಯೆಗೆ ಇಲ್ಲ.

ಅಲರ್ಜಿ ಅನ್ನುವ ಪದ ಬಂದಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ಡಾಕ್ಟರ್ ಪಿರ್ಕೆ ಅವರಿಂದ. ಆದರೆ ಐಜಿಇ ಅಂತ ಒಂದು ಪ್ರತಿಕಾಯ ಇದೆ ಅಂತ ಕೈಗೆ ಸಿಗುವ ಹೊತ್ತಿಗೆ 1966 ಆಯಿತು. ಅಮೆರಿಕದಲ್ಲಿದ್ದ ಜಪಾನಿನ ಗಂಡಹೆಂಡತಿ, ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಕಂಡುಹಿಡಿದರು. ಅದೇ ಹೊತ್ತಿಗೆ ಸ್ವೀಡನ್ನಿನಲ್ಲೂ ಇಬ್ಬರು ವಿಜ್ಞಾನಿಗಳಿಗೆ ಸಿಕ್ಕಿತು. 60 ವರ್ಷ ಹಿಡಿಯಿತು ನೋಡಿ. ರಕ್ತದಲ್ಲಿ ಅದು ಅಷ್ಟು ಕಡಿಮೆ ಇರುತ್ತದೆ.

ಸುಮ್ನೆ_ಓದುವವ
ಮೇಷ್ಟ್ರೇ ಪರೀಕ್ಷೆಗೆ ಎಷ್ಟು ಮಾರ್ಕ್ಸಿಗೆ ಬರುತ್ತದೆ ಇದು?

ಬಯಾಲಜಿ_ಮೇಷ್ಟ್ರು
ನಿನಗೆ ಗ್ರೇಸ್ ಮಾರ್ಕ್ಸ್.

ಮೆಲ್ಬರ್ನ್_ಅಮ್ಮ
ಈ ಚರ್ಚೆ ನೋಡಿ ಕಣ್ಣಲ್ಲಿ ನೀರು ಬಂತು. ನನ್ನ ಮಗನಿಗೆ ಗೋಡಂಬಿ ಅಲರ್ಜಿ. ಗೋಡಂಬಿ ಅಂದರೆ ಪಿಸ್ತಾ ಕೂಡ, ಎರಡೂ ಹತ್ತಿರದ ನೆಂಟರು. ಇಲ್ಲಿ ಅಡ್ರಿನಾಲಿನ್ ತುಂಬಿದ ಪೆನ್ ಸಿಗುತ್ತದೆ, ಒಂದು ಸ್ಕೂಲಿನಲ್ಲಿ, ಒಂದು ನನ್ನ ಬ್ಯಾಗಿನಲ್ಲಿ. ಸ್ಕೂಲಿನ ಗೋಡೆ ಮೇಲೆ ಅವನ ಫೋಟೋ ಹಾಕಿ ಏನು ಮಾಡಬೇಕು ಅಂತ ಬರೆದಿರುತ್ತಾರೆ.

ಕಷ್ಟ ಸ್ಕೂಲಿನದಲ್ಲ, ನಮ್ಮವರದು. ಯುಗಾದಿ ಊಟದಲ್ಲಿ ಪಾಯಸ, ಕೇಸರಿಬಾತ್, ಪಲಾವ್, ಯಾವುದಕ್ಕೆ ಗೋಡಂಬಿ ಹಾಕಲ್ಲ ಹೇಳಿ? ಒಬ್ಬ ಆಂಟಿ ಗೋಡಂಬಿ ಎತ್ತಿಟ್ಟು "ತೆಗೆದಿದ್ದೀನಿ, ತಿನ್ನು ಕಂದಾ, ಸ್ವಲ್ಪಕ್ಕೆ ಏನಾಗಲ್ಲ" ಅಂತ ಬಾಯಿಗೇ ಇಟ್ಟರು. ಎರಡು ಚಮಚ. ಮಗ ಕೆಮ್ಮತೊಡಗಿದ, ತುಟಿ ಊದಿತು, ಸ್ವರ ಗೊಗ್ಗರಾಯಿತು. ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಪೆನ್ನಿನ ಮುಚ್ಚಳ ತೆಗೆಯಲು ಎರಡು ಸಲ ಬೇಕಾಯಿತು. ತೊಡೆಗೆ ಒತ್ತಿ ಹಿಡಿದೆ. ಎರಡು ನಿಮಿಷ. ಕೆಮ್ಮು ನಿಂತಿತು. ಅವನ ಎದೆ ಹಕ್ಕಿಯ ಎದೆ ಹಾಗೆ ಹೊಡೆದುಕೊಳ್ಳುತ್ತಿತ್ತು, ಅದು ಔಷಧದ ಕೆಲಸ ಅಂತ ಆಂಬುಲೆನ್ಸಿನವರು ಹೇಳಿದರು. ಆ ಆಂಟಿ ಇವತ್ತಿಗೂ "ದೃಷ್ಟಿ ಆಗಿತ್ತು" ಅಂತಾರೆ.

ಅಡಿಕೆ_ಚೊಗರು
ನಮ್ಮ ಕಾಲದಲ್ಲಿ ಶೇಂಗಾ, ಗೋಡಂಬಿ ತಿಂದು ಯಾರೂ ಸಾಯುತ್ತಿರಲಿಲ್ಲ. ಮಕ್ಕಳನ್ನು ಹತ್ತಿಯಲ್ಲಿಟ್ಟು ಸಾಕಿದರೆ ಹೀಗೇ.

ಮೆಲ್ಬರ್ನ್_ಅಮ್ಮ
ಸಾರ್, ನಾನು ಹತ್ತಿಯಲ್ಲಿ ಇಟ್ಟಿಲ್ಲ, ಮಣ್ಣಲ್ಲೇ ಆಡಿ ಬೆಳೆದಿದ್ದಾನೆ. ಇಂಥ ಮಾತು ಕೇಳಿ ಸಾಕಾಗಿದೆ.

ಡ್ಯೂಟಿ_ಡಾಕ್ಟರ್
ಚೊಗರು ಸಾರ್, ತಾಯಂದಿರನ್ನು ಬೈಯುವುದು ಬೇಡ. ಆದರೆ ನಿಮ್ಮ ಮಾತಿನ ಮೂಲೆಯಲ್ಲಿ ಒಂದು ಸತ್ಯ ಇದೆ. ಮೊದಲೆಲ್ಲ ಡಾಕ್ಟರುಗಳೇ ಮಗುವಿಗೆ ಮೂರು ವರ್ಷ ಆಗುವವರೆಗೆ ಶೇಂಗಾ ಕೊಡಬೇಡಿ ಅನ್ನುತ್ತಿದ್ದರು. 2015ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಬಂತು. ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಮಕ್ಕಳು. ಅರ್ಧ ಮಕ್ಕಳಿಗೆ ಒಂದು ವರ್ಷ ತುಂಬುವ ಮೊದಲೇ ಶೇಂಗಾ ಶುರು ಮಾಡಿದರು, ಉಳಿದವರಿಗೆ ಕೊಡಲಿಲ್ಲ. ಐದು ವರ್ಷಕ್ಕೆ ನೋಡಿದರೆ ತಿಂದವರಲ್ಲಿ ಶೇಂಗಾ ಅಲರ್ಜಿ ಶೇ 80ರಷ್ಟು ಕಡಿಮೆ. ಅಂದರೆ ನಾವು ಡಾಕ್ಟರುಗಳೇ ತಪ್ಪು ಹೇಳುತ್ತಿದ್ದೆವು. ಆದರೆ ಈಗಾಗಲೇ ಅಲರ್ಜಿ ಇರುವ ಮಗುವಿಗೆ ಇದು ಅನ್ವಯಿಸುವುದಿಲ್ಲ.

ಹುಬ್ಬಳ್ಳಿ_ಮಂದಿ
ನನಗೊಂದು ಡೌಟ್ರೀ. ನಮ್ಮ ಕಾಕಾಗೆ ಕೊಳಕು ಮಂಡಲ ಕಚ್ಚಿತ್ತು. ಹಾವಿನ ಇಂಜೆಕ್ಷನ್ ಹಾಕಿದಾಗ ಮೊದಲ ಬಾಟಲಿಯಲ್ಲೇ ಮೈಯೆಲ್ಲ ದದ್ದು, ಚಳಿ. ನಿಲ್ಲಿಸಿ, ಅಡ್ರಿನಾಲಿನ್ ಕೊಟ್ಟು, ಮತ್ತೆ ಶುರು ಮಾಡಿದರು. ಬದುಕಿದ. ಆದರೆ ಹತ್ತು ದಿನ ಬಿಟ್ಟು ಮನೆಗೆ ಬಂದ ಮೇಲೆ ಜ್ವರ, ಮಂಡಿ ಮಣಿಕಟ್ಟು ಎಲ್ಲ ಊತ, ಮತ್ತೆ ದದ್ದು. ವಿಷ ಇನ್ನೂ ಇಳಿದಿಲ್ಲ ಅಂತ ಊರವರು ಮಂತ್ರ ಹಾಕಿಸಿದರು.

ಬಯಾಲಜಿ_ಮೇಷ್ಟ್ರು
ಮೊದಲನೆಯದು ಐಜಿಇ ಅಲರ್ಜಿ. ಎರಡನೆಯದು ಬೇರೆ ಜಾತಿ, ಸೀರಮ್ ಸಿಕ್‌ನೆಸ್.

ಡ್ಯೂಟಿ_ಡಾಕ್ಟರ್
ಮೇಷ್ಟ್ರೇ, ಎರಡನೆಯದು ಸರಿ. ಮೊದಲನೆಯದು ಪೂರ್ತಿ ಸರಿಯಲ್ಲ. ಕಾಕಾಗೆ ಅದು ಜೀವನದಲ್ಲಿ ಮೊದಲ ಡೋಸ್ ತಾನೆ? ಮೊದಲೇ ಪರಿಚಯ ಇಲ್ಲದಿದ್ದರೆ ಐಜಿಇ ಎಲ್ಲಿಂದ ಬರಬೇಕು? ಹಾವಿನ ಇಂಜೆಕ್ಷನ್ ತಯಾರಾಗುವುದು ಕುದುರೆ ರಕ್ತದಿಂದ. ಅಷ್ಟು ಪ್ರೋಟೀನ್ ಒಟ್ಟಿಗೆ ರಕ್ತಕ್ಕೆ ಹೋದಾಗ ಐಜಿಇ ಇಲ್ಲದೆಯೂ ಮಾಸ್ಟ್ ಕೋಶ ಸಿಡಿಯುವ ಅಡ್ಡದಾರಿಗಳಿವೆ. ನೋಡುವುದಕ್ಕೆ ಒಂದೇ, ಚಿಕಿತ್ಸೆಯೂ ಒಂದೇ. ಅದಕ್ಕೇ ಹಾವಿನ ಇಂಜೆಕ್ಷನ್ನಿಗೆ ಚರ್ಮದ ಟೆಸ್ಟ್ ಡೋಸ್ ಬೇಡ ಅನ್ನುವುದು. ಅದು ಮುಂದೇನಾಗುತ್ತದೆ ಅಂತ ಹೇಳುವುದಿಲ್ಲ, ಸಮಯ ಹಾಳು.

ಹತ್ತು ದಿನದ ನಂತರದ್ದು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಆ ಹೊತ್ತಿಗೆ ಕಾಕಾನ ದೇಹ ಕುದುರೆ ಪ್ರೋಟೀನಿನ ವಿರುದ್ಧ ಐಜಿಜಿ ಪ್ರತಿಕಾಯ ತಯಾರು ಮಾಡಿತು. ಎರಡೂ ಸೇರಿ ಗಂಟುಗಂಟಾಗಿ ಕೀಲು, ಚರ್ಮ, ಕೆಲವೊಮ್ಮೆ ಕಿಡ್ನಿಯ ಸಣ್ಣ ರಕ್ತನಾಳದಲ್ಲಿ ಕೂತವು. ಅಲ್ಲೇ ಉರಿ, ಊತ. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ಜಾಸ್ತಿ ಇದ್ದರೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ. ಮಂತ್ರ ಹಾಕಿದವರಿಗೆ ಹೆಸರು ಬಂದಿರುತ್ತದೆ.

ಹುಬ್ಬಳ್ಳಿ_ಮಂದಿ
ಬಂತ್ರೀ, 500 ರೂಪಾಯಿನೂ ಬಂತು.

ಬಯಾಲಜಿ_ಮೇಷ್ಟ್ರು
ತಿದ್ದಿದ್ದಕ್ಕೆ ಥ್ಯಾಂಕ್ಸ್ ಡಾಕ್ಟ್ರೇ. ಗೆಲ್ ಮತ್ತು ಕೂಂಬ್ಸ್ ಅನ್ನುವವರು 1963ರಲ್ಲಿ ಇದನ್ನೆಲ್ಲ ನಾಲ್ಕು ಮನೆ ಮಾಡಿಟ್ಟರು. ಬಾವನದ್ದು ಮೊದಲ ಮನೆ. ಕಾಕಾನ ಕೀಲು ನೋವು ಮೂರನೇ ಮನೆ. ಎರಡನೇ ಮನೆಗೆ ನಮ್ಮ ಅತ್ತೆಯ ಕಥೆ ಹೇಳ್ತೀನಿ. ಅತ್ತೆ ನೆಗೆಟಿವ್ ಗುಂಪು, ಮಾವ ಪಾಸಿಟಿವ್. ಮೊದಲ ಮಗು ಚೆನ್ನಾಗಿ ಹುಟ್ಟಿತು. ಎರಡನೆಯದು ಹುಟ್ಟುವಾಗಲೇ ಅರಿಸಿನ ಬಣ್ಣ, ಬಿಳಿಚಿಕೊಂಡಿತ್ತು, ಉಳಿಯಲಿಲ್ಲ. ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಗೆ ಸೇರಿ ಪ್ರತಿಕಾಯ ಹುಟ್ಟಿತ್ತು, ಅದು ಎರಡನೇ ಮಗುವಿನ ಕೆಂಪು ರಕ್ತಕಣದ ಮೇಲೆ ಹೋಗಿ ಕೂತು ಒಡೆಯಿತು. ಮನೆಯಲ್ಲಿ ಎಲ್ಲರೂ ಗ್ರಹಣ ಅಂದರು. ಈಗ 28 ವಾರಕ್ಕೆ ಒಂದು, ಹೆರಿಗೆಯಾಗಿ 72 ಗಂಟೆಯೊಳಗೆ ಒಂದು ಆಂಟಿ ಡಿ ಇಂಜೆಕ್ಷನ್ ಕೊಡುತ್ತಾರೆ. ತಾಯಿಯ ದೇಹ ಗಮನಿಸುವ ಮೊದಲೇ ಆ ಕಣಗಳನ್ನು ಗುಡಿಸಿಬಿಡುತ್ತದೆ.

ಸುಮ್ನೆ_ಓದುವವ
ನಾಲ್ಕನೇ ಮನೆ?

ಸಿಸ್ಟರ್_ಅಕ್ಕ
ಗೇರು ಸೊನೆ, ಮಾವಿನ ಸೊನೆ ತಾಗಿ ಎರಡು ದಿನಕ್ಕೆ ಬಾಯಿ ಸುತ್ತ ಹುಣ್ಣಾಗುವುದು, ಕಾಂಗ್ರೆಸ್ ಗಿಡ ಕಿತ್ತು ಕೈ ಕತ್ತು ಕಪ್ಪಾಗಿ ಒಡೆಯುವುದು, ಬಿಂದಿ ಅಂಟಿಸಿದ ಜಾಗದಲ್ಲಿ ಕಜ್ಜಿ. ಅದರಲ್ಲಿ ಪ್ರತಿಕಾಯದ ಕೈವಾಡ ಇಲ್ಲ, ಕೋಶಗಳೇ ಬಂದು ಗಲಾಟೆ ಮಾಡುತ್ತವೆ. ಅದಕ್ಕೇ ನಿಧಾನ. ಅಡ್ರಿನಾಲಿನ್ ಅಲ್ಲಿ ಕೆಲಸಕ್ಕೆ ಬರಲ್ಲ, ಆ ವಸ್ತುವಿನಿಂದ ದೂರ ಇರಬೇಕು, ಸ್ಟೀರಾಯ್ಡ್ ಮುಲಾಮು ಹಚ್ಚಬೇಕು.

ಟೆಕ್ಕಿ_ಜಯನಗರ
ನಾನು 200 ಆಹಾರಗಳ ಅಲರ್ಜಿ ಪ್ಯಾಕೇಜ್ ಮಾಡಿಸಿದೆ. ಅಕ್ಕಿ, ತೊಗರಿಬೇಳೆ, ಹಾಲು, ಮೊಸರು ಎಲ್ಲ ಕೆಂಪು ಬಂದಿದೆ. ಒಂದು ತಿಂಗಳಿಂದ ಏನು ತಿನ್ನಬೇಕು ಗೊತ್ತಾಗದೆ ಸಾಯ್ತಿದ್ದೀನಿ. ಬಾವನಿಗೂ ಮಾಡಿಸಿ.

ಡ್ಯೂಟಿ_ಡಾಕ್ಟರ್
ರಿಪೋರ್ಟಿನಲ್ಲಿ ಐಜಿಇ ಅಂತ ಇದೆಯಾ, ಐಜಿಜಿ ಅಂತಾನಾ?

ಟೆಕ್ಕಿ_ಜಯನಗರ
ಐಜಿಜಿ.

ಡ್ಯೂಟಿ_ಡಾಕ್ಟರ್
ಹಾಗಾದರೆ ನೀವು ಅಕ್ಕಿ, ಬೇಳೆ, ಹಾಲು, ಮೊಸರು ತಿನ್ನುತ್ತೀರಿ ಅಂತ ಆ ರಿಪೋರ್ಟ್ ಹೇಳುತ್ತಿದೆ. ಅಷ್ಟೇ. ಇವತ್ತು ರಾತ್ರಿ ಅನ್ನ ಸಾರು ಊಟ ಮಾಡಿ.

ಐಜಿಇ ಪಾಸಿಟಿವ್ ಬಂದರೂ ಅದೊಂದೇ ಸಾಲದು. ತಿಂದು ಏನೂ ಆಗದಿದ್ದರೆ ಅದು ಅಲರ್ಜಿ ಅಲ್ಲ. ಮೊದಲು ಕಥೆ, ಆಮೇಲೆ ಟೆಸ್ಟ್.

ಟೆಕ್ಕಿ_ಜಯನಗರ
🙏🙏 ಅಮ್ಮನಿಗೆ ಫೋನ್ ಮಾಡ್ತಿದ್ದೀನಿ.

ಕೊಪ್ಪದ_ತಂಗಿ
ಎಲ್ಲ ಓದಿದೆ. ಅಕ್ಕನಿಗೂ ಓದಿ ಹೇಳಿದೆ. ಒಂದು ಹೇಳುವುದು ಮರೆತಿದ್ದೆ. ಆಸ್ಪತ್ರೆಯವರು ರಾತ್ರಿ ಇರಿ ಅಂದರೂ ಬಾವ ಹಾಲು ಕರೆಯಬೇಕು ಅಂತ ಸಂಜೆಯೇ ಹೊರಟುಬಂದರು. ರಾತ್ರಿ ಮತ್ತೆ ಸ್ವಲ್ಪ ಗಂಧೆ ಎದ್ದಿತ್ತು, ತಾನಾಗಿ ಇಳಿಯಿತು.

ಸಿಸ್ಟರ್_ಅಕ್ಕ
ಅಯ್ಯೋ ರಾಮ. ಎರಡನೇ ಅಲೆ ಅಂತ ಇರುತ್ತದೆ ಕಣಮ್ಮ. ಮೊದಲನೆಯದು ಇಳಿದ ಮೇಲೆ ಕೆಲವು ಗಂಟೆ ಬಿಟ್ಟು, ಮತ್ತೆ ಜೇನು ಕಚ್ಚದೇನೇ, ಕೆಲವರಿಗೆ ಇನ್ನೊಂದು ಸಲ ಬರುತ್ತದೆ. ಬಿಪಿ ಬಿದ್ದವರನ್ನು ರಾತ್ರಿ ಇಟ್ಟುಕೊಳ್ಳುವುದು ಅದಕ್ಕೇ. ಹಸು ಕರೆಯಲು ಬೇರೆ ಯಾರೂ ಇರಲಿಲ್ವಾ?

ಡ್ಯೂಟಿ_ಡಾಕ್ಟರ್
ಬಾವ ಬೇರೆ ಏನಾದರೂ ಮಾತ್ರೆ ತಗೊಳ್ತಾರಾ?

ಕೊಪ್ಪದ_ತಂಗಿ
ಬಿಪಿಗೆ ಅಟೆನಾಲಾಲ್. ಎಂಟು ತಿಂಗಳಾಯಿತು.

ಡ್ಯೂಟಿ_ಡಾಕ್ಟರ್
ನನಗೆ ಅನುಮಾನ ಇತ್ತು. ಆ ಜಾತಿಯ ಮಾತ್ರೆಗಳು ಅಡ್ರಿನಾಲಿನ್ ಕೂರುವ ಜಾಗವನ್ನೇ ಮುಚ್ಚುತ್ತವೆ. ಅನಾಫಿಲಾಕ್ಸಿಸ್ ಆದಾಗ ಅಡ್ರಿನಾಲಿನ್ ಸರಿಯಾಗಿ ಹತ್ತದೇ ಇರಬಹುದು. ಆಗ ಗ್ಲುಕಗಾನ್ ಅನ್ನುವ ಬೇರೆ ಇಂಜೆಕ್ಷನ್ ಕೊಡಬೇಕಾಗುತ್ತದೆ. ಅದು ಎಲ್ಲ ಕಡೆ ಇರುವುದಿಲ್ಲ. ಬಾವನಿಗೆ ಒಂದೇ ಡೋಸಿಗೆ ಹತ್ತಿದ್ದು ಅದೃಷ್ಟ. ತಾವಾಗಿ ಮಾತ್ರೆ ನಿಲ್ಲಿಸಬೇಡಿ, ದಿಢೀರ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಬರೆದುಕೊಟ್ಟ ಡಾಕ್ಟರ್ ಹತ್ತಿರ ಈ ಕಥೆ ಹೇಳಿ, ಬೇರೆ ಬಿಪಿ ಮಾತ್ರೆ ಆಗುತ್ತದಾ ಅಂತ ಕೇಳಿ.

ಮೂರನೇ ಪ್ರಶ್ನೆಗೆ ಈಗ ಉತ್ತರ. ನಾಲ್ಕರಿಂದ ಆರು ವಾರ ಬಿಟ್ಟು ಅಲರ್ಜಿ ತಜ್ಞರ ಹತ್ತಿರ ಹೋಗಿ, ಈಗಲೇ ಟೆಸ್ಟ್ ಮಾಡಿದರೆ ಸುಳ್ಳು ನೆಗೆಟಿವ್ ಬರಬಹುದು. ಜೇನು ವಿಷದ ಐಜಿಇ, ಚರ್ಮದ ಟೆಸ್ಟ್, ಜೊತೆಗೆ ಟ್ರಿಪ್ಟೇಸ್ ಅಂತ ಒಂದು ರಕ್ತಪರೀಕ್ಷೆ. ಆಮೇಲೆ ನಾನು ಹೇಳಿದ ಚಿಕಿತ್ಸೆ, ಶುದ್ಧ ಮಾಡಿದ ಜೇನು ವಿಷವನ್ನೇ ಅತಿ ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸುತ್ತಾ ಹೋಗುವುದು. ಮೂರರಿಂದ ಐದು ವರ್ಷ ನಡೆಯುತ್ತದೆ. ಹಳ್ಳಿಯಲ್ಲಿ ಸಿಗುವ ವಿಷಯ ಅಲ್ಲ, ದೊಡ್ಡ ಊರಿನಲ್ಲಿ ವಿಚಾರಿಸಬೇಕು. ಹೆಚ್ಚಿನವರಿಗೆ ಒಳ್ಳೆ ರಕ್ಷಣೆ ಸಿಗುತ್ತದೆ. ಅಡಿಕೆ ಚೊಗರು ಅವರ "ಒಗ್ಗುವುದು" ಇದೇ, ಪಕ್ಕದಲ್ಲಿ ಅಡ್ರಿನಾಲಿನ್ ಇಟ್ಟುಕೊಂಡು.

ಅಡಿಕೆ_ಚೊಗರು
ನಾನು ಹೇಳಲಿಲ್ವಾ!

ಮೆಲ್ಬರ್ನ್_ಅಮ್ಮ
ತಂಗೀ, ಪೆನ್ ಒಂದು ತರಿಸಿ ಇಟ್ಟುಕೊಳ್ಳಿ.

ಮೆಡಿಕಲ್_ಶಾಪ್
ನಮ್ಮಲ್ಲಿ ಆ ಪೆನ್ ಹಳ್ಳಿ ಅಂಗಡಿಯಲ್ಲಿ ಕೇಳಿದರೆ ಬರೆಯುವ ಪೆನ್ ಕೊಡ್ತಾರೆ ಅಕ್ಕಾ. ಹೊರಗಿನಿಂದ ತರಿಸಿದರೆ ದುಬಾರಿ, ಅವಧಿಯೂ ಬೇಗ ಮುಗಿಯುತ್ತದೆ. ಕೆಲವು ಡಾಕ್ಟರುಗಳು ಆಂಪ್ಯೂಲ್, ಒಂದು ಎಂಎಲ್ ಸಿರಿಂಜ್, ಸೂಜಿ ಡಬ್ಬಿಯಲ್ಲಿ ಹಾಕಿ ಬರೆದುಕೊಟ್ಟು, ಮನೆಯವರಿಗೆ ಕೂರಿಸಿ ಕಲಿಸುತ್ತಾರೆ. ಚೀಟಿ ಇಲ್ಲದೆ, ಕಲಿಯದೆ ಬೇಡ. ಬಿಸಿಲಿಗೆ, ಬೆಳಕಿಗೆ ಇಡಬಾರದು. ಬಣ್ಣ ತಿರುಗಿದ್ದರೆ ಎಸೆಯಿರಿ.

ಸಿಸ್ಟರ್_ಅಕ್ಕ
ಅಕ್ಕನಿಗೆ ಕಲಿಸಿ, ಬಾವನಿಗಲ್ಲ. ಬಿದ್ದವರು ತಾವೇ ಚುಚ್ಚಿಕೊಳ್ಳಲು ಆಗುವುದಿಲ್ಲ. ಇನ್ನೊಂದು. ಬಾವ ಕುಸಿದಿದ್ದು ಎದ್ದು ನಿಂತಾಗ ಅಲ್ವಾ? ಆಮೇಲೆ ಕ್ಲಿನಿಕ್ಕಿನಲ್ಲೂ ಕುರ್ಚಿ ಮೇಲೆ ಕೂರಿಸಿದರು. ಬಿಪಿ ಬಿದ್ದವರನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಥಟ್ಟನೆ ಎಬ್ಬಿಸಿದರೆ ಹೃದಯಕ್ಕೆ ರಕ್ತವೇ ವಾಪಸ್ ಬರದೆ ಅಲ್ಲೇ ನಿಂತುಹೋಗಬಹುದು. ಉಸಿರು ಕಟ್ಟುತ್ತಿದ್ದರೆ ಮಾತ್ರ ಕಾಲು ಚಾಚಿ ಒರಗಿ ಕೂರಿಸಿ. ವಾಂತಿ ಬಂದರೆ ಮಗ್ಗುಲಿಗೆ. ಜೀಪಿನಲ್ಲೂ ಮಲಗಿಸಿಯೇ ಕರೆದುಕೊಂಡು ಹೋಗಿ. 108 ಬಂದರೆ ಇನ್ನೂ ಒಳ್ಳೆಯದು.

ಕೊಪ್ಪದ_ತಂಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾತ್ರೆ ಬಗ್ಗೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿದೆವು, ನಾಳೆ ಬರಲು ಹೇಳಿದ್ದಾರೆ. ಮಂಗಳೂರಿನಲ್ಲಿ ಅಲರ್ಜಿ ತಜ್ಞರನ್ನು ವಿಚಾರಿಸುತ್ತಿದ್ದೇವೆ. ಅಕ್ಕ ಇಂಜೆಕ್ಷನ್ ಕಲಿಯಲು ರೆಡಿ, ಹಸುವಿಗೆ ಚುಚ್ಚಿ ಅಭ್ಯಾಸ ಇದೆ ಅಂತಾಳೆ.

ಪೆಟ್ಟಿಗೆಗಳನ್ನು ಸದ್ಯಕ್ಕೆ ಪಕ್ಕದ ಮನೆಯವರು ನೋಡಿಕೊಳ್ಳಲಿ ಅಂತ ಒಪ್ಪಿಸಿದ್ದೆವು. ಬೆಳಿಗ್ಗೆ ನೋಡಿದರೆ ಬಾವ ಇಲ್ಲ. ತೋಟದಲ್ಲಿ ಇದ್ದರು. "ಹತ್ತಿರ ಹೋಗಿಲ್ಲ, ದೂರದಿಂದ ನೋಡಿದೆ" ಅಂದರು. ಹೋಗುವುದಾದರೆ ಫೋನ್ ಆದರೂ ತಗೊಂಡು ಹೋಗಿ ಬಾವ ಅಂದೆ. "ಅಲ್ಲಿ ನೆಟ್‌ವರ್ಕ್ ಎಲ್ಲಿ ಬರ್ತದೆ ಮಾರಾಯ್ತಿ" ಅಂದರು.